ಮಾತ್ರೆ ಜೊತೆಗೆ ಶುಗರ್ ಟೆಸ್ಟನ್ನೂ ಬರೆದುಕೊಡಿ

ಸಂಪಾದಕರೇ,

ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಇರುವ ಮಕ್ಕಳಿಗೆ ಸಾಮಾನ್ಯವಾಗಿ ಕೊಡುವ ಮೀಥೈಲ್‌ಫೆನಿಡೇಟ್‌ನಿಂದ ಹಸಿವು ಕಡಿಮೆಯಾಗುತ್ತದೆ. ಆದರೆ ಸಿಟ್ಟು, ಹಟ ಜಾಸ್ತಿ ಅಂತ ರಿಸ್ಪೆರಿಡೋನ್ ಎಂಬ ಆಂಟಿಸೈಕೋಟಿಕ್ (ತೀವ್ರ ಮಾನಸಿಕ ಕಾಯಿಲೆಗೂ ಕೊಡುವ) ಮಾತ್ರೆ ಕೂಡ ಸೇರಿಸಿದಾಗ ಕತೆಯೇ ಬೇರೆ. ಹಸಿವು, ತೂಕ ಎರಡೂ ಏರಬಹುದು. ಅಮೆರಿಕದ ಟೆನೆಸ್ಸಿಯಲ್ಲಿ 6ರಿಂದ 24 ವರ್ಷದವರ ದಾಖಲೆ ನೋಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಥ ಆಂಟಿಸೈಕೋಟಿಕ್ ಔಷಧಿ ಶುರು ಮಾಡಿದವರಿಗೆ ಟೈಪ್ 2 ಡಯಾಬಿಟಿಸ್ ಅಪಾಯ ಬೇರೆ ಮಾನಸಿಕ ಔಷಧಿ ಶುರು ಮಾಡಿದವರಿಗಿಂತ ಮೂರು ಪಟ್ಟು ಇತ್ತು, ಅದೂ ಮೊದಲ ವರ್ಷದಲ್ಲೇ ಕಾಣಿಸಿಕೊಂಡಿತ್ತು.

ಈ ಮಾತ್ರೆ ತೆಗೆದುಕೊಳ್ಳುತ್ತಿದ್ದ ನನ್ನ ಅಕ್ಕನ ಮಗನ ಕತ್ತಿನ ಹಿಂಭಾಗ ಕಪ್ಪಾಗಿತ್ತು. ಕೊಳೆ ಅಂದುಕೊಂಡು ಅಕ್ಕ ದಿನಾ ಸೋಪು ಹಾಕಿ ಉಜ್ಜುತ್ತಿದ್ದಳು. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದರೆ ಹಾಗಾಗುತ್ತದೆ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಮಾತ್ರೆ ಬರೆದವರು ಒಮ್ಮೆಯೂ ತೂಕ ನೋಡಿರಲಿಲ್ಲ, ಇದು ನನಗೆ ಇವತ್ತಿಗೂ ಸಂಕಟ.

ಇಂಥ ಆಂಟಿಸೈಕೋಟಿಕ್ ಮಾತ್ರೆ ಶುರುವಾಗುವ ಮುಂಚೆ, ಶುರುವಾಗಿ ಮೂರು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ ಖಾಲಿ ಹೊಟ್ಟೆಯ ಶುಗರ್ ನೋಡಬೇಕು ಅಂತ ಅಮೆರಿಕದ ಡಯಾಬಿಟಿಸ್ ಮತ್ತು ಮನೋವೈದ್ಯರ ಸಂಘಗಳು 2004ರಲ್ಲೇ ಹೇಳಿವೆ. ಸುಲಭದ ಟೆಸ್ಟ್ ಅಲ್ವಾ? ಪೋಷಕರೇ, ಹೆದರಿ ಮಾತ್ರೆ ತಟ್ಟನೆ ನಿಲ್ಲಿಸಬೇಡಿ. ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಈ ಟೆಸ್ಟ್ ಕೇಳಿ, ಎರಡನೇ ಮಾತ್ರೆ ಇನ್ನೂ ಬೇಕಾ ಅಂತಲೂ ಕೇಳಿ.

– ಓದುಗರೊಬ್ಬರು, ತುಮಕೂರು