ಛಾವಣಿ ತಟ್ಟಿದ ಹುಡುಗ

ಅಮೆರಿಕದ ಸಣ್ಣ ಊರುಗಳಲ್ಲಿ ಶನಿವಾರ ರಾತ್ರಿ ನಡೆಯುವ ಕಾರು ಓಟಗಳನ್ನು ನೋಡಿದವರಿಗೆ ಹಳದಿ ಬಾವುಟದ ಲೆಕ್ಕ ಗೊತ್ತಿರುತ್ತದೆ. ಎರಡು ಕಾರುಗಳು ಒಂದಕ್ಕೊಂದು ತಗುಲಿ ಗಿರಕಿ ಹೊಡೆದರೆ ಹಳದಿ ಬಾವುಟ ಏಳುತ್ತದೆ, ಉಳಿದವರೆಲ್ಲ ನಿಧಾನವಾಗಿ ಸುತ್ತು ಹಾಕುತ್ತಾರೆ, ಓಟ ಮತ್ತೆ ಆರಂಭವಾಗುವಾಗ ಸಾಮಾನ್ಯವಾಗಿ ಆ ಇಬ್ಬರೂ ಸಾಲಿನ ಕೊನೆಗೆ ಹೋಗಬೇಕಾಗುತ್ತದೆ. ತಪ್ಪು ಯಾರದೆಂದು ವಿಚಾರಣೆ ನಡೆಸಲು ಅಲ್ಲಿ ಯಾರಿಗೂ ಪುರುಸೊತ್ತಿಲ್ಲ. ಆದರೆ ಕೆಲವು ಟ್ರ್ಯಾಕ್‌ಗಳು ಇದಕ್ಕೊಂದು ವಿನಾಯಿತಿ ಇಟ್ಟುಕೊಂಡಿವೆ. ತಪ್ಪು ತನ್ನದೆಂದು ಒಪ್ಪುವ ಚಾಲಕ ಬಾವುಟ ಹಿಡಿದವರ ಮುಂದೆ ಕಾರು ನಿಲ್ಲಿಸಿ, ಕೈ ಹೊರಚಾಚಿ ತನ್ನ ಕಾರಿನ ಛಾವಣಿಯನ್ನು ತಟ್ಟಬಹುದು. ಆಗ ಅವನೊಬ್ಬನೇ ಕೊನೆಗೆ ಹೋಗುತ್ತಾನೆ, ಏಟು ತಿಂದವನಿಗೆ ಅವನ ಸ್ಥಾನ ಮರಳಿ ಸಿಗುತ್ತದೆ. ‘ಟ್ಯಾಪ್ ಔಟ್’ ಎಂದು ಇದರ ಹೆಸರು.

ಕಳೆದ ಬೇಸಿಗೆಯಲ್ಲಿ ನಮ್ಮ ಸಂಘದ ಸದಸ್ಯರೊಬ್ಬರ ಆಹ್ವಾನದ ಮೇಲೆ, ಅವರ ಹದಿನೈದು ವರ್ಷದ ಮಗ ಓಡಿಸುವುದನ್ನು ನೋಡಲು ಅಂಥದೊಂದು ಟ್ರ್ಯಾಕ್‌ಗೆ ಹೋಗಿದ್ದೆ. ಹುಡುಗನದು ಲೆಜೆಂಡ್ಸ್ ಕಾರು: 1930-40ರ ದಶಕಗಳ ಕಾರುಗಳನ್ನು ಎಂಟರಲ್ಲಿ ಐದು ಪಾಲಿಗೆ ಕುಗ್ಗಿಸಿದಂಥ ಮೈಕಟ್ಟು, ಒಳಗೆ ಯಮಹಾ ಬೈಕಿನ ಎಂಜಿನ್. ಕೊನೆಯ ಕೆಲವು ಸುತ್ತುಗಳಿರುವಾಗ ಮೂರನೆಯ ಸ್ಥಾನದಲ್ಲಿದ್ದ ಅವನು ತಿರುವಿನಲ್ಲಿ ಒಳಬದಿಯಿಂದ ನುಗ್ಗಿದ, ಅವನ ಮುಂದಿನ ಚಕ್ರ ಎದುರಾಳಿಯ ಹಿಂಚಕ್ರಕ್ಕೆ ತಾಗಿತು, ಆ ಕಾರು ಬೆನ್ನು ತಿರುಗಿಸಿ ನಿಂತಿತು. ನಮ್ಮ ಹುಡುಗ ಒಂದು ಸುತ್ತು ಬಂದು ಬಾವುಟ ಹಿಡಿದವರು ನಿಲ್ಲುವ ಮಂಚದ ಕೆಳಗೆ ನಿಲ್ಲಿಸಿ, ಕಿಟಕಿಯ ಬಲೆಯ ಅಂಚಿನಿಂದ ಕೈ ಹೊರಹಾಕಿ ಛಾವಣಿಯನ್ನು ಎರಡು ಬಾರಿ ತಟ್ಟಿದ. ನನ್ನ ಪಕ್ಕದಲ್ಲಿ ಟೂಲ್ ಬಾಕ್ಸ್ ಮೇಲೆ ಹತ್ತಿ ನಿಂತಿದ್ದ ಅವನ ತಂದೆ, “ಅಯ್ಯೋ, ತಟ್ಟಬಾರದಿತ್ತು ಕಣ್ರೀ, ಆ ಹುಡುಗನೇ ಅಲ್ವಾ ಇವನ ದಾರಿಗೆ ಒಳಕ್ಕೆ ಬಂದಿದ್ದು!” ಎಂದು ತಲೆ ಚಚ್ಚಿಕೊಂಡರು. ಓಟ ಮುಗಿದಾಗ ಮಗ ಒಂಬತ್ತನೆಯವನಾಗಿದ್ದ. ಕಾರುಗಳನ್ನು ನಿಲ್ಲಿಸಿ ದುರಸ್ತಿ ಮಾಡುವ ಪಿಟ್‌ಗೆ ಬಂದು ಹೆಲ್ಮೆಟ್ ತೆಗೆದವನು ಹೇಳಿದ್ದು ಇಷ್ಟೇ: “ನಾನು ಬ್ರೇಕ್ ತಡವಾಗಿ ಒತ್ತಿದೆ ಅಪ್ಪ. ನಂಗೆ ಗೊತ್ತಾಯ್ತು.” ತಂದೆಯ ಮುಖ ಸಡಿಲಗೊಳ್ಳಲು ಇನ್ನೂ ಅರ್ಧ ಗಂಟೆ ಬೇಕಾಯಿತು. ಅಷ್ಟರಲ್ಲಿ ಆ ಇನ್ನೊಬ್ಬ ಹುಡುಗನ ಅಜ್ಜ ಟಾರ್ಚ್ ಹಿಡಿದುಕೊಂಡು ಬಂದರು. ನಮ್ಮ ಹುಡುಗನ ಕಾರಿನ ಮುಂದಿನ ಚಕ್ರಗಳನ್ನು ತಿರುಗಿಸುವ ಸರಳು (ಟೈ ರಾಡ್) ಬಾಗಿದ್ದನ್ನು ತೋರಿಸಿ, ಎರಡು ಸ್ಟ್ಯಾಂಡ್‌ಗಳ ನಡುವೆ ದಾರ ಎಳೆದು ಕಟ್ಟಿ, ಚಕ್ರಗಳು ನೇರ ಇವೆಯೇ ಎಂದು ಅಳೆಯುವ ಬಗೆಯನ್ನು ನೆಲದ ಮೇಲೆ ಕುಳಿತೇ ಹೇಳಿಕೊಟ್ಟರು.

ಇದನ್ನು ಒಳ್ಳೆಯ ಸಂಸ್ಕಾರದ ಕಥೆಯಾಗಿ ಹೇಳಿ ಮುಗಿಸಬಹುದಿತ್ತು. ಆದರೆ ಮನೆಗೆ ಹಿಂದಿರುಗುವಾಗ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಹಣದ ಲೆಕ್ಕ. ವಾರಕ್ಕೊಮ್ಮೆ ನಡೆಯುವ ಟ್ರ್ಯಾಕ್‌ನ ಆದಾಯ ಎರಡು ಬಾಗಿಲುಗಳಿಂದ ಬರುತ್ತದೆ. ಮುಂಬಾಗಿಲಲ್ಲಿ ಪ್ರೇಕ್ಷಕರು ಟಿಕೆಟ್ ಕೊಳ್ಳುತ್ತಾರೆ, ಹಿಂಬಾಗಿಲಲ್ಲಿ ಸ್ಪರ್ಧಿಗಳೂ ಅವರ ಮನೆಮಂದಿಯೂ ಪಿಟ್ ಪಾಸ್ ಕೊಳ್ಳುತ್ತಾರೆ. ಒಂದು ಕಾರು ಬಂದರೆ ಅದರ ಹಿಂದೆ ತಂದೆ, ತಾಯಿ, ಮಾವ, ಸ್ನೇಹಿತ ಎಂದು ನಾಲ್ಕೈದು ಜನ ಬರುತ್ತಾರೆ. ಮಗನ ಕಾರನ್ನು ಯಾರೋ ಬೇಕೆಂದೇ ಗೋಡೆಗೆ ತಳ್ಳಿದರೆ ಒಂದು ರಾತ್ರಿಯಲ್ಲಿ ಒಂದು ಋತುವಿನ ಉಳಿತಾಯ ಕರಗುತ್ತದೆ. ಎರಡು ಸಲ ಹೀಗಾದರೆ ಆ ಮನೆಯವರು ಟ್ರೇಲರ್ ಮಾರಿ ಸುಮ್ಮನಾಗುತ್ತಾರೆ. ಆ ಬಗೆಯ ಕಾರುಗಳ ಸ್ಪರ್ಧಾ ವರ್ಗದಲ್ಲಿ ಕಾರುಗಳು ಕಡಿಮೆಯಾದಂತೆ ಓಟ ಸಪ್ಪೆಯಾಗುತ್ತದೆ, ಪ್ರೇಕ್ಷಕರು ಕಡಿಮೆಯಾಗುತ್ತಾರೆ, ಕಡೆಗೆ ಆ ವರ್ಗವನ್ನೇ ಕೈಬಿಡಬೇಕಾಗುತ್ತದೆ. ಹಾಗಾಗಿ ಪಕ್ಕದವನಿಗೆ ಒಂದು ಕಾರಿನಷ್ಟು ಜಾಗ ಬಿಡುವುದು ಸಣ್ಣ ಟ್ರ್ಯಾಕ್‌ನ ಮಟ್ಟಿಗೆ ಹೊಟ್ಟೆಪಾಡಿನ ವಿಷಯವೂ ಹೌದು.

ಟ್ರ್ಯಾಕ್‌ಗಳು ಕಣ್ಮರೆಯಾಗುತ್ತಿರುವುದು ಗುಟ್ಟಲ್ಲ. 1999ರಲ್ಲಿ ಆರಂಭವಾದ ಲಾಸ್ ಏಂಜಲಿಸ್ ಬಳಿಯ ಇರ್ವಿಂಡೇಲ್ ಟ್ರ್ಯಾಕ್ 2024ರ ಡಿಸೆಂಬರಿನಲ್ಲಿ ಮುಚ್ಚಿತು. ನಗರ ಬೆಳೆದು ಬಂದ ಕಡೆಯಲ್ಲೆಲ್ಲ ಓಟದ ಆದಾಯಕ್ಕಿಂತ ನೆಲದ ಬೆಲೆ ಮುಂದೆ ಓಡುತ್ತದೆ. ಜೊತೆಗೆ, ಟ್ರ್ಯಾಕ್ ಇರುವುದು ಗೊತ್ತಿದ್ದೇ ಅದರ ಪಕ್ಕದಲ್ಲಿ ಮನೆ ಕೊಂಡವರು ಮರುವರ್ಷವೇ ಸದ್ದಿನ ಬಗ್ಗೆ ದೂರು ಕೊಡುತ್ತಾರೆ. ಒಮ್ಮೆ ಮುಚ್ಚಿದ್ದು ಮತ್ತೆ ತೆರೆಯುವುದು ಅಪರೂಪ. ಉತ್ತರ ಕ್ಯಾರೊಲೈನಾದ ನಾರ್ತ್ ವಿಲ್ಕ್ಸ್‌ಬರೊ 1996ರಲ್ಲಿ ಅಮೆರಿಕದ ಹೆಸರಾಂತ ಕಾರು ಓಟಗಳ ಸಂಸ್ಥೆ ನ್ಯಾಸ್ಕಾರ್‌ನ ದೊಡ್ಡ ಓಟಗಳನ್ನು ಕಳೆದುಕೊಂಡು, ವರ್ಷಗಟ್ಟಲೆ ಹುಲ್ಲು ಬೆಳೆದು ಬಿದ್ದಿದ್ದು, 2023ರಲ್ಲಿ ಆಲ್-ಸ್ಟಾರ್ ಓಟದೊಂದಿಗೆ ಮರಳಿತು. ಅದರ ಹಿಂದೆ ಸರ್ಕಾರದ ನೆರವೂ ಹೆಸರಾಂತ ಚಾಲಕರ ಒತ್ತಾಸೆಯೂ ಇದ್ದವು. ಎಲ್ಲ ಟ್ರ್ಯಾಕ್‌ಗೂ ಅಂಥ ಅದೃಷ್ಟ ಎಲ್ಲಿಂದ ಬರಬೇಕು?

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಜನ ಬರುವುದು ಜಗಳ ನೋಡಲಿಕ್ಕೆ ಎನ್ನುವವರಿದ್ದಾರೆ, ಅವರ ಕೈಯಲ್ಲಿ ಸಾಕ್ಷ್ಯವೂ ಇದೆ. ನ್ಯಾಸ್ಕಾರ್‌ನ ಅತಿ ಹೆಸರಾಂತ ಓಟವಾದ ಡೇಟೋನಾ 500 1979ರಲ್ಲಿ ಮೊದಲಿನಿಂದ ಕೊನೆಯವರೆಗೆ ಟಿ.ವಿ.ಯಲ್ಲಿ ನೇರ ಪ್ರಸಾರವಾಯಿತು. ಹಿಮಪಾತದಿಂದಾಗಿ ದೇಶದ ಪೂರ್ವ ಭಾಗದ ಬಹುಪಾಲು ಜನ ಮನೆಯಲ್ಲೇ ಕುಳಿತಿದ್ದರು. ಕೊನೆಯ ಸುತ್ತಿನಲ್ಲಿ ಮುಂಚೂಣಿಯಲ್ಲಿದ್ದ ಡಾನಿ ಆಲಿಸನ್ ಮತ್ತು ಕೇಲ್ ಯಾರ್‌ಬರೊ ಡಿಕ್ಕಿ ಹೊಡೆದುಕೊಂಡರು, ರಿಚರ್ಡ್ ಪೆಟ್ಟಿ ಗೆದ್ದರು, ಅತ್ತ ಮೈದಾನದಲ್ಲಿ ಯಾರ್‌ಬರೊಗೂ ಆಲಿಸನ್ ಸಹೋದರರಿಗೂ ಕೈಕೈ ಮಿಲಾಯಿಸಿತು. ಆ ಹೊಡೆದಾಟವೇ ಈ ಕ್ರೀಡೆಯನ್ನು ದೇಶಕ್ಕೆ ಪರಿಚಯಿಸಿತು ಎಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ. ವಿನ್‌ಸ್ಟನ್-ಸೇಲಂನ ಬೌಮನ್ ಗ್ರೇ ಕ್ರೀಡಾಂಗಣಕ್ಕೆ ‘ಹುಚ್ಚರ ಮನೆ’ ಎಂಬರ್ಥದ ಅಡ್ಡಹೆಸರಿದೆ. ಫುಟ್‌ಬಾಲ್ ಮೈದಾನದ ಸುತ್ತಲಿನ ಆ ಕಾಲು ಮೈಲಿಯ ಟ್ರ್ಯಾಕ್‌ನಲ್ಲಿ 1949ರಿಂದ ನ್ಯಾಸ್ಕಾರ್ ಓಟಗಳು ನಡೆದುಬಂದಿವೆ, ಆಸನಗಳೂ ತುಂಬುತ್ತವೆ. ಜಗಳದಿಂದ ಟಿಕೆಟ್ ಮಾರಾಟವಾಗುತ್ತದೆ ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಬಾಗಿದ ಕಾರನ್ನು ನೆಟ್ಟಗೆ ಮಾಡುವ ಖರ್ಚು ಟಿಕೆಟ್ ಕೊಂಡವರ ಮೇಲೆ ಬೀಳುವುದಿಲ್ಲ. ಪ್ರಾಯೋಜಕರಿರುವ ತಂಡ ಮರುವಾರ ಇನ್ನೊಂದು ಕಾರು ತರುತ್ತದೆ, ಗ್ಯಾರೇಜಿನಲ್ಲಿ ಭಾನುವಾರವೆಲ್ಲ ಸ್ಪ್ಯಾನರ್ ಹಿಡಿಯುವ ತಂದೆ ತರಲಾರರು.

ಮೇಲಿನವರನ್ನು ನೋಡಿ ಕೆಳಗಿನವರು ಕಲಿಯುತ್ತಾರೆ ಎಂಬುದೂ ನಿಜ. 2024ರ ಆಗಸ್ಟ್‌ನಲ್ಲಿ ರಿಚ್‌ಮಂಡ್ ಓಟದ ಕೊನೆಯ ಸುತ್ತಿನಲ್ಲಿ ಆಸ್ಟಿನ್ ಡಿಲನ್ ಇಬ್ಬರು ಎದುರಾಳಿಗಳನ್ನು ಗುದ್ದಿ ತಿರುಗಿಸಿ ಗೆದ್ದಾಗ, ನ್ಯಾಸ್ಕಾರ್ ಗೆಲುವನ್ನು ಉಳಿಸಿ, ಅದರಿಂದ ಸಿಗಬೇಕಿದ್ದ, ಚಾಂಪಿಯನ್ ಪಟ್ಟ ನಿರ್ಧರಿಸುವ ಕೊನೆಯ ಹಂತವಾದ ಪ್ಲೇಆಫ್‌ನ ಪ್ರವೇಶವನ್ನು ಕಿತ್ತುಕೊಂಡಿತು. ತೀರ್ಪು ಅರೆಬರೆಯದು ಎಂಬುದು ನನ್ನ ಅಭಿಪ್ರಾಯ. ಟ್ರೋಫಿಯನ್ನು ಮನೆಗೊಯ್ಯಲು ಬಿಟ್ಟರೆ ಹದಿನಾಲ್ಕರ ಹುಡುಗನ ಕಣ್ಣಿಗೆ ಕಾಣುವುದು ಟ್ರೋಫಿಯೇ.

ಸಿಟ್ಟಿನ ಇನ್ನೊಂದು ಬೆಲೆಯನ್ನು ಹಗುರಾಗಿ ಹೇಳುವಂತಿಲ್ಲ. 2014ರ ಆಗಸ್ಟ್ 9ರ ರಾತ್ರಿ ನ್ಯೂಯಾರ್ಕ್ ರಾಜ್ಯದ ಕ್ಯಾನಂಡೈಗುವಾದ ಮಣ್ಣಿನ ಟ್ರ್ಯಾಕ್‌ನಲ್ಲಿ, ಕಾರು ಗೋಡೆಗೆ ತಾಗಿ ನಿಂತಾಗ ಇಪ್ಪತ್ತು ವರ್ಷದ ಚಾಲಕನೊಬ್ಬ ಕೆಳಗಿಳಿದು ಎದುರಾಳಿಯತ್ತ ಕೈ ತೋರಿಸುತ್ತಾ ಟ್ರ್ಯಾಕ್‌ನ ಮಧ್ಯಕ್ಕೆ ನಡೆದ, ಅದೇ ಕಾರಿನ ಹೊಡೆತಕ್ಕೆ ಸಿಕ್ಕಿ ಪ್ರಾಣ ಕಳೆದುಕೊಂಡ. ಆ ವಾರದೊಳಗೇ ನ್ಯಾಸ್ಕಾರ್ ನಿಯಮ ಮಾಡಿತು: ಬೆಂಕಿಯಂಥ ಅಪಾಯ ಇಲ್ಲದ ಹೊರತು, ರಕ್ಷಣಾ ಸಿಬ್ಬಂದಿ ಹೇಳುವ ತನಕ ಚಾಲಕ ಕಾರಿನಲ್ಲೇ ಕುಳಿತಿರಬೇಕು. ಹಲವು ಸಣ್ಣ ಟ್ರ್ಯಾಕ್‌ಗಳೂ ಅದೇ ದಾರಿ ಹಿಡಿದವು. ಇಂದು ಎಂಟು ವರ್ಷದ ಮಗುವಿಗೂ ಮೊದಲ ಪಾಠಗಳಲ್ಲಿ ಇದನ್ನು ಹೇಳಿಕೊಡುತ್ತಾರೆ.

ಕಂಪ್ಯೂಟರ್ ಸಿಮ್ಯುಲೇಟರಿನಿಂದ ಬರುವ ಹೊಸ ಪೀಳಿಗೆಯ ಬಗ್ಗೆ ಹಿರಿಯರಿಗೆ ಅನುಮಾನವಿದೆ. ಅಲ್ಲಿ ಕಾರು ಜಜ್ಜಿಹೋದರೆ ಒಂದು ಗುಂಡಿ ಒತ್ತಿದರೆ ಸಾಕು, ಹೊಸದಾಗುತ್ತದೆ. ಬಾಗಿದ ಕಬ್ಬಿಣವನ್ನು ಕೈಯಾರೆ ನೆಟ್ಟಗೆ ಮಾಡದವನಿಗೆ ಇನ್ನೊಬ್ಬರ ಬಂಪರಿನ ಬೆಲೆ ಹೇಗೆ ತಿಳಿಯಬೇಕು ಎಂಬುದು ಅವರ ಪ್ರಶ್ನೆ. ಆದರೆ ಮನೆಯಲ್ಲಿ ಐರೇಸಿಂಗ್ ಎಂಬ ಸಿಮ್ಯುಲೇಟರ್ ಆಟ ಆಡಿ ಕಲಿತು, ಆಮೇಲೆ ಲೆಜೆಂಡ್ಸ್ ಕಾರುಗಳಿಗೆ ಬಂದ ವಿಲಿಯಂ ಬೈರನ್ 2024 ಮತ್ತು 2025ರ ಡೇಟೋನಾ 500 ಓಟಗಳೆರಡನ್ನೂ ಗೆದ್ದಿದ್ದಾರೆ. ಅಷ್ಟೇ ಅಲ್ಲ, ಐರೇಸಿಂಗ್‌ನಲ್ಲಿ ಡಿಕ್ಕಿಯಾದರೆ ತಪ್ಪು ಯಾರದೆಂದು ನೋಡದೆ ಇಬ್ಬರ ಸುರಕ್ಷತಾ ಅಂಕವನ್ನೂ ಇಳಿಸುತ್ತಾರೆ. ಅನ್ಯಾಯವೆನಿಸಿದರೂ, ಅದನ್ನು ಆಡಿ ಬೆಳೆದ ಮಕ್ಕಳಿಗೆ ಇನ್ನೊಬ್ಬರ ತಪ್ಪಿನಿಂದಲೂ ದೂರವಿರುವ ಅಭ್ಯಾಸ ಆಗಿರುತ್ತದೆ.

ಈ ಮಕ್ಕಳಲ್ಲಿ ಮೇಲೇರುವವರು ಬೆರಳೆಣಿಕೆಯಷ್ಟು. ಕ್ಯಾಲಿಫೋರ್ನಿಯಾದ ವಲೇಹೋದಲ್ಲಿ ಐದನೆಯ ವಯಸ್ಸಿಗೇ ಕ್ವಾರ್ಟರ್ ಮಿಜೆಟ್ ಎಂಬ ಪುಟ್ಟ ಕಾರು ಹತ್ತಿದ ಜೆಫ್ ಗಾರ್ಡನ್ ಮುಂದೆ ನ್ಯಾಸ್ಕಾರ್‌ನ ಅತ್ಯುನ್ನತ ಸರಣಿಯಾದ ಕಪ್ ಓಟಗಳಲ್ಲಿ 93 ಗೆಲುವು, ನಾಲ್ಕು ಚಾಂಪಿಯನ್ ಪಟ್ಟ ಗಳಿಸಿದರು. ಎಲ್ಲ ತಂದೆತಾಯಿಯರ ಕನಸಿನಲ್ಲೂ ಬರುವುದು ಈ ಲೆಕ್ಕವೇ. ಉಳಿದ ಬಹುಪಾಲು ಮಕ್ಕಳು ತಮ್ಮ ತಮ್ಮ ಉದ್ಯೋಗ ಹಿಡಿದು, ವಾರಾಂತ್ಯಕ್ಕೆ ಅದೇ ಟ್ರ್ಯಾಕ್‌ಗೆ ಬರುತ್ತಾರೆ, ಬಾವುಟ ಹಿಡಿಯುತ್ತಾರೆ, ಸುತ್ತು ಎಣಿಸುತ್ತಾರೆ, ಇಂಧನ ಪರೀಕ್ಷಿಸುತ್ತಾರೆ. ಕೆಲವರು ಟ್ರ್ಯಾಕ್ ಅನ್ನೇ ಕೊಳ್ಳುತ್ತಾರೆ. ಅರ್ಲ್ ಬಾಲ್ಟಸ್ 1954ರಲ್ಲಿ ಓಹಾಯೊದಲ್ಲಿ ಆರಂಭಿಸಿದ ಎಲ್ಡೋರಾ ಎಂಬ ಮಣ್ಣಿನ ಟ್ರ್ಯಾಕ್ ಐವತ್ತು ವರ್ಷಗಳ ನಂತರ, 2004ರಲ್ಲಿ, ಓಟಗಾರ ಟೋನಿ ಸ್ಟೀವರ್ಟ್ ಅವರ ಕೈಸೇರಿ ಇಂದಿಗೂ ನಡೆಯುತ್ತಿದೆ. ಇಂದು ಛಾವಣಿ ತಟ್ಟುವ ಹುಡುಗ ಮೂವತ್ತು ವರ್ಷಗಳ ನಂತರ ಬಾವುಟದ ಮಂಚದ ಮೇಲೆ ನಿಂತಿರಬಹುದು, ಆಗ ಇನ್ನೊಂದು ಮನೆಯ ಮಗುವಿನ ಓಟದ ನ್ಯಾಯ ಅವನ ಕೈಯಲ್ಲಿರುತ್ತದೆ.

ನಮ್ಮ ಓದುಗರಲ್ಲಿ ಮಕ್ಕಳನ್ನು ಈ ಹಾದಿಗೆ ಬಿಟ್ಟವರು ಕೆಲವರಿದ್ದಾರೆ, ಬಿಡಲೋ ಬೇಡವೋ ಎಂದು ಯೋಚಿಸುತ್ತಿರುವವರೂ ಇದ್ದಾರೆ. ಮೊದಲ ದಿನವೇ ಕಾರು ಕೊಳ್ಳುವ ಅಗತ್ಯವಿಲ್ಲ. ಒಂದು ಶನಿವಾರ ಪಿಟ್‌ನಲ್ಲಿ ಕಳೆದು, ಸೋತವರು ಕಾರನ್ನು ಟ್ರೇಲರಿಗೆ ಹೇಗೆ ಹತ್ತಿಸುತ್ತಾರೆಂದು ನೋಡಿ. ಆ ಟ್ರ್ಯಾಕ್‌ನ ಬಗ್ಗೆ ಕೈಪಿಡಿ ಹೇಳುವುದಕ್ಕಿಂತ ಹೆಚ್ಚು ಅದು ಹೇಳುತ್ತದೆ. ಪಾದ ಪೂರ್ತಿ ಮುಚ್ಚುವ ಶೂ ಹಾಕಿಕೊಳ್ಳಿ, ಎಲ್ಲರಿಗೂ ಇಯರ್‌ಪ್ಲಗ್ ತನ್ನಿ, ಚಿಕ್ಕ ಮಕ್ಕಳನ್ನು ಪಿಟ್‌ಗೆ ಬಿಡುತ್ತಾರೋ ಇಲ್ಲವೋ ಎಂದು ಮೊದಲೇ ಫೋನ್ ಮಾಡಿ ವಿಚಾರಿಸಿ. ಹೊಸ ಋತುವಿನ ಮೊದಲ ಓಟಕ್ಕೆ ನಾನು ಆ ಅಪ್ಪ-ಮಗನ ಜೊತೆ ಇರುತ್ತೇನೆ. ದಾರ ಹಿಡಿದುಕೊಳ್ಳಲು ಅವರಿಗೆ ಇನ್ನೊಬ್ಬರು ಬೇಕಂತೆ.