ಕರುವನ್ನು ತಾಯಿ ನೆಕ್ಕಲಿ ಬಿಡಿ

ಮಾನ್ಯರೆ,

ಶಿರಸಿ–ಸಿದ್ದಾಪುರದ ಕಡೆ ಜರ್ಸಿ, ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್) ಮಿಶ್ರತಳಿ ಹಸುಗಳು ಕೊಟ್ಟಿಗೆಗೆ ಬಂದ ಮೇಲೆ ಒಂದು ರೂಢಿ ಬೆಳೆಯುತ್ತಿದೆ. ಕರು ನೆಲಕ್ಕೆ ಬಿದ್ದದ್ದೇ ಗೋಣಿತಟ್ಟಿನಲ್ಲಿ ಒರೆಸಿ, ತಾಯಿಯ ಕಣ್ಣಿಗೆ ಬೀಳದಂತೆ ಎತ್ತಿಕೊಂಡು ಹೋಗಿ ಬೇರೆ ಮೂಲೆಯಲ್ಲಿ ಕಟ್ಟುವುದು. ಮಲೆನಾಡು ಗಿಡ್ಡ ಹಸು ಕರು ಬಾಯಿ ಹಾಕದೆ ಹಾಲು ಬಿಡುವುದಿಲ್ಲ. ಮಿಶ್ರತಳಿ ಹಸುವಿಗೆ ಆ ಹಂಗಿಲ್ಲ, ಹಾಗಾಗಿ ಕರುವಿನ ಅಗತ್ಯವೂ ಕಾಣುವುದಿಲ್ಲ. ಗಂಡುಕರುವಾದರಂತೂ ಕೇಳುವವರೇ ಇಲ್ಲ.

ಹಸು ಕರುವನ್ನು ನೆಕ್ಕುವುದು ಬರೀ ಮೈ ಒಣಗಿಸಲಿಕ್ಕಲ್ಲ. ಒರಟು ನಾಲಿಗೆ ಬೆನ್ನಿನ ಮೇಲೆ ಹರಿದ ಹಾಗೆ ಕರು ತಲೆ ಎತ್ತುತ್ತದೆ, ಉಸಿರು ಸರಾಗವಾಗುತ್ತದೆ, ಹಿಂಗಾಲು ಊರಿ ಬೀಳುತ್ತ ಏಳುತ್ತ ಕೆಚ್ಚಲು ಹುಡುಕುತ್ತದೆ. ಮೈಯೊಳಗೆ ನಡೆಯುವುದು ಇನ್ನೂ ದೊಡ್ಡದು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಾಲ್ ಶಾನ್‌ಬರ್ಗ್ ಮತ್ತು ಸಂಗಡಿಗರು ಇಲಿಮರಿಗಳನ್ನು ತಾಯಿಯಿಂದ ಅಗಲಿಸಿ ನೋಡಿದರು. ಬೆಚ್ಚಗಿಟ್ಟರೂ ಮರಿಗಳಲ್ಲಿ ಬೆಳವಣಿಗೆಯ ಹಾರ್ಮೋನು ಇಳಿಯಿತು. ಒದ್ದೆ ಬ್ರಷ್ಷಿನಿಂದ ತಾಯಿ ನೆಕ್ಕಿದ ಹಾಗೆ ಗಟ್ಟಿಯಾಗಿ ಸವರಿದಾಗ ಮತ್ತೆ ಏರಿತು! ಇದೇ ಜಾಡಿನಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಟಿಫನಿ ಫೀಲ್ಡ್ ಅವರು 1986ರಲ್ಲಿ, ದಿನ ತುಂಬದೆ ಹುಟ್ಟಿದ ಶಿಶುಗಳಿಗೆ ದಿನಕ್ಕೆ ಮೂರು ಬಾರಿ 15 ನಿಮಿಷ ಮೈ ನೀವಿಸಿದರು. ಕುಡಿದ ಹಾಲು ಅಷ್ಟೇ ಇದ್ದರೂ ಆ ಶಿಶುಗಳ ತೂಕ ಉಳಿದವಕ್ಕಿಂತ ಶೇ 47ರಷ್ಟು ಹೆಚ್ಚು ಏರಿತು. ನಮ್ಮ ಬಾಣಂತಿ ಕೋಣೆಗಳಲ್ಲಿ ಎಣ್ಣೆ ಹಚ್ಚಿ ಕೂಸು ಮೀಯಿಸುವ ಅಜ್ಜಿಯಂದಿರಿಗೆ ಇದು ಆಶ್ಚರ್ಯವೆನಿಸಲಿಕ್ಕಿಲ್ಲ.

ಮಿದುಳಿನ ಸಂಗತಿಯೂ ಇದೆ. ಭಯವಾದಾಗ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಕಾರ್ಟಿಸೋಲ್ ಎಂಬ ಹಾರ್ಮೋನನ್ನು ಸುರಿಸುತ್ತದೆ. ಇಲಿಯಲ್ಲಿ ಅದರ ಜಾಗದಲ್ಲಿ ಕಾರ್ಟಿಕೋಸ್ಟಿರೋನ್. ಸಾಕು ಎನ್ನುವ ಸೂಚನೆ ಹೋಗುವುದು ಮಿದುಳಿನ ಹಿಪ್ಪೊಕ್ಯಾಂಪಸ್ ಭಾಗದಿಂದಲೂ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಮೈಕಲ್ ಮೀನಿ ತಂಡ 1997ರಲ್ಲಿ ಕಂಡದ್ದು: ತಾಯಿ ಹೆಚ್ಚು ನೆಕ್ಕಿದ ಇಲಿಮರಿಗಳ ಹಿಪ್ಪೊಕ್ಯಾಂಪಸ್‌ನಲ್ಲಿ ಈ ಹಾರ್ಮೋನನ್ನು ಗುರುತಿಸುವ ಗ್ರಾಹಕಗಳು ಹೆಚ್ಚು, ಹಾಗಾಗಿ ದೊಡ್ಡವಾದ ಮೇಲೂ ಒತ್ತಡ ಬಿದ್ದಾಗ ಆ ಹಾರ್ಮೋನು ಏರುವುದು ಕಡಿಮೆ. 2004ರಲ್ಲಿ ಅದೇ ತಂಡ, ಕಡಿಮೆ ನೆಕ್ಕುವ ತಾಯಿಯ ಮರಿಯನ್ನು ಹೆಚ್ಚು ನೆಕ್ಕುವ ತಾಯಿಯ ಮಡಿಲಿಗೆ ಹಾಕಿದರೆ ಜೀನಿನ ಮೇಲಿನ ರಾಸಾಯನಿಕ ಗುರುತೂ ಬದಲಾಗುತ್ತದೆಂದು ತೋರಿಸಿತು. ಅಂದರೆ ಎಲ್ಲವೂ ಹುಟ್ಟುಗುಣವಲ್ಲ.

ಇಲಿಮರಿ ಕಣ್ಣು ಮುಚ್ಚಿಕೊಂಡು ಹುಟ್ಟುತ್ತದೆ, ಕರು ಹುಟ್ಟಿದ ದಿನವೇ ಓಡಾಡುತ್ತದೆ. ಒಂದರ ಲೆಕ್ಕ ಇನ್ನೊಂದಕ್ಕೆ ಹಾಗೇ ಕೂಡುವುದಿಲ್ಲ. ಆದರೆ ಕರುಗಳ ಮೇಲೇ ನಡೆದ ಅಧ್ಯಯನಗಳಿವೆ. ಒಂಟಿಯಾಗಿ ಬೆಳೆದ ಕರು ಒಮ್ಮೆ ಕಲಿತದ್ದನ್ನು ಬದಲಿಸಿಕೊಳ್ಳಲು ತಿಣುಕುತ್ತದೆ, ಜೊತೆಗಾರ ಕರುವಿನೊಂದಿಗೆ ಬೆಳೆದದ್ದು ಬೇಗ ಹೊಂದಿಕೊಳ್ಳುತ್ತದೆ ಎಂದು ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ್ದಾರೆ. ನಾಳೆ ಹೊಸ ಹಿಂಡಿ, ಹೊಸ ಕೊಟ್ಟಿಗೆ, ಹಾಲು ಕರೆಯುವ ಯಂತ್ರಕ್ಕೆಲ್ಲ ಒಗ್ಗಬೇಕಾದ ಕಡಸಿಗೆ ಇದು ಸಣ್ಣ ವಿಷಯವಲ್ಲ.

ನಾಲ್ಕು ದಿನ ಒಟ್ಟಿಗಿಟ್ಟು ಅಗಲಿಸಿದರೆ ಎರಡೂ ಹೆಚ್ಚು ಕೂಗುತ್ತವೆ ಎಂದು ಹೈನುಗಾರರು ಹೇಳುವುದು ನಿಜ. ಆ ಕೂಗು ಕೇಳಿ ನನಗೂ ಸಂಕಟವಾಗುತ್ತದೆ. ಅದಕ್ಕೆ ಹೆದರಿ ಮೊದಲ ಗಂಟೆಗಳನ್ನೂ ಕಿತ್ತುಕೊಳ್ಳುವುದು ಸರಿಯಲ್ಲ. ಕರುವನ್ನು ಬೇರೆ ಕಟ್ಟಲೇಬೇಕೆಂದಿದ್ದರೂ ತಾಯಿ ಪೂರ್ತಿ ನೆಕ್ಕಿ ಮುಗಿಸಲಿ, ಎರಡು ಗಂಟೆಯೊಳಗೆ ಹೊಟ್ಟೆ ತುಂಬ ಗಿಣ್ಣುಹಾಲು ಸಿಗಲಿ. ಆಮೇಲೆ ಇನ್ನೊಂದು ಕರುವಿನ ಜೊತೆ ಬಿಡಿ. ಒಂದೇ ಕರು ಇರುವ ಮನೆಯಲ್ಲಿ ಬೆಳಿಗ್ಗೆ ಸಂಜೆ ಒಣಹುಲ್ಲಿನಿಂದ ಮೈ ತಿಕ್ಕಿ. ಮಳೆಗಾಲದಲ್ಲಿ ಕರುವಿನ ಕೆಳಗೆ ಹಾಸುವ ದರಕು (ಉದುರಿದ ಎಲೆ) ಒಣಗಿದ್ದಿರಲಿ. ಚಳಿಯೂ ಕಾರ್ಟಿಸೋಲನ್ನು ಏರಿಸುತ್ತದೆ.

ಹಾಲಿನ ಸಂಘದ ಸಭೆಗಳಲ್ಲಿ ಕೊಬ್ಬಿನಂಶ, ಖನಿಜ ಮಿಶ್ರಣ, ಕೃತಕ ಗರ್ಭಧಾರಣೆಯ ಮಾತೇ ಹೆಚ್ಚು. ಮುಂದಿನ ಮಳೆಗಾಲಕ್ಕೆ ಮೊದಲು ಪಶುಸಂಗೋಪನಾ ಇಲಾಖೆಯವರು ಪ್ರತಿ ಸಂಘದಲ್ಲೂ ಕರು ಸಾಕಣೆಗೆಂದೇ ಒಂದು ಮಧ್ಯಾಹ್ನ ಕೊಡಲಿ. ಕೊಟ್ಟಿಗೆ ಕೆಲಸ ಹೆಚ್ಚಾಗಿ ಮಾಡುವವರು ಹೆಂಗಸರು, ಅವರಿಗೆ ಬರಲು ಅನುಕೂಲವಾಗುವ ಹೊತ್ತನ್ನೇ ಇಟ್ಟುಕೊಳ್ಳಲಿ.

— ಒಬ್ಬ ಹೈನುಗಾರ, ಶಿರಸಿ ತಾಲ್ಲೂಕು