ಬಳ್ಳಿಗೆ ಮೊದಲು ಮರ ಬೇಕು ಮಾರಾಯ

ಪ್ರೀತಿಯ ಗೆಳೆಯಾ,

ಸಂಬಳದ ಜೊತೆಗೆ ಆನ್‌ಲೈನ್‌ನಲ್ಲಿ ಎರಡನೇ ಆದಾಯ ಮಾಡಲು ನೀನು ಕಳಿಸಿದ ಪಟ್ಟಿ ನೋಡಿದೆ. ಯೂಟ್ಯೂಬ್, ಅಫಿಲಿಯೇಟ್ (ಬೇರೆಯವರ ಮಾಲಿನ ಲಿಂಕ್ ಹಾಕಿ ಕಮಿಷನ್ ಪಡೆಯುವುದು), ಡ್ರಾಪ್‌ಶಿಪ್ಪಿಂಗ್ (ಮಾಲು ಇಟ್ಟುಕೊಳ್ಳದೆ ಆರ್ಡರ್ ಹಿಡಿದು ಬೇರೆಯವರಿಂದ ಕಳಿಸುವುದು), ಇನ್‌ಸ್ಟಾಗ್ರಾಮ್ ಪೇಜು, ಇ-ಪುಸ್ತಕ. ಐದು ದಾರಿ, ಐದೂ ಈ ವರ್ಷವೇ ಶುರುವಾಗಬೇಕು, ಅದಕ್ಕೆ ಮೊದಲು ಸಾಲ ಮಾಡಿಯಾದರೂ ಇವನ್ನೆಲ್ಲ ಕಲಿಸುವ ಆ ಕೋರ್ಸಿಗೆ ಸೇರಬೇಕು ಅಂತ ಬರೆದಿದ್ದೀಯ. ಒಂದೇ ಸಂಬಳ ನಂಬಿಕೊಂಡು ಕೂತರೆ ಆಗುವುದಿಲ್ಲ ಅನ್ನುವ ನಿನ್ನ ಭಯ ನನಗೆ ಅರ್ಥವಾಗುತ್ತದೆ. ಮಂಗಳೂರಿನ ಮನೆ ಬಾಡಿಗೆ, ಮಗಳ ಫೀಸು, ಅಮ್ಮನ ಮದ್ದು. ಭಯ ಸರಿಯೇ. ಪಟ್ಟಿ ಮಾತ್ರ ಸರಿ ಇಲ್ಲ. ಇದೇ ವಿಷಯ ಇನ್ನೂ ಕೆಲವು ದೋಸ್ತಿಗಳು ಕೇಳುತ್ತಿದ್ದಾರೆ. ಅದಕ್ಕೇ ನಿನ್ನ ಹೆಸರು ಹಾಕದೆ, ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ನಮ್ಮ ಕಡೆ ತೋಟದಲ್ಲಿ ಕಾಳುಮೆಣಸು ಹೇಗೆ ಹಾಕುತ್ತಾರೆ ಅಂತ ನಿನಗೆ ಗೊತ್ತುಂಟು. ಅಡಿಕೆ ಮರ ಮೇಲೆದ್ದು ಗಟ್ಟಿಯಾದ ಮೇಲೆ ಅದರ ಬುಡದಲ್ಲಿ ಬಳ್ಳಿ ಇಡುತ್ತಾರೆ. ನೀರು, ಗೊಬ್ಬರ, ಕಾವಲು ಎಲ್ಲ ಅದೇ, ಬೆಳೆ ಮಾತ್ರ ಎರಡು. ಎರಡನೇ ಆದಾಯ ಅಂದರೆ ನನ್ನ ಪ್ರಕಾರ ಅದು. ಇದ್ದ ಕೆಲಸದ ಮೇಲೆ ಹಬ್ಬಬೇಕು. ನಿನ್ನ ಐದು ದಾರಿಗಳು ಒಂದಕ್ಕೊಂದು ಸಂಬಂಧವೇ ಇಲ್ಲದ ಐದು ಬೇರೆ ಬೇರೆ ಕೆಲಸಗಳು. ಆಫೀಸು ಮುಗಿಸಿ ಬಂದು ರಾತ್ರಿ ಐದು ಕೆಲಸ ಯಾರಿಂದ ಆಗುತ್ತದೆ?

ಶಿರ್ವದ ನನ್ನ ಅತ್ತಿಗೆಯ ವಿಷಯ ಹೇಳುತ್ತೇನೆ. ಅವರು ಮೊದಲಿನಿಂದಲೂ ಬ್ಲೌಸ್ ಹೊಲಿಯುವವರು. ಒಮ್ಮೆ ಕಟಿಂಗ್ ಮೇಜಿನ ಮೇಲೆ ಫೋನನ್ನು ಕೆಳಮುಖ ಮಾಡಿ ಕಟ್ಟಿ ವಿಡಿಯೊ ಮಾಡಲು ಶುರು ಮಾಡಿದರು. ಮುಖ ಕಾಣುವುದಿಲ್ಲ. ಎರಡು ಕೈ, ಚಾಕ್, ಕತ್ತರಿ, ಅಷ್ಟೇ. ನೋಡಿದವರು ಮತ್ತೆ ಮತ್ತೆ ಕೇಳಿದ ಪ್ರಶ್ನೆ ಒಂದೇ: ತೋಳು ಜೋಡಿಸಿದ ಮೇಲೆ ಕಂಕುಳ ಹತ್ತಿರ ಸುಕ್ಕು ಬರುತ್ತದೆ, ಯಾಕೆ? ಅದಕ್ಕೆಂದೇ ಅವರು ಒಂದು ವಿಡಿಯೊ ಮಾಡಿದರು. ತೋಳಿನ ಮುಂದಿನ ಭಾಗವನ್ನು ಹಿಂದಿನದಕ್ಕಿಂತ ಸ್ವಲ್ಪ ಜಾಸ್ತಿ ಒಳಗೆ ಕತ್ತರಿಸಬೇಕು ಅನ್ನುವುದನ್ನು ಬಟ್ಟೆ ಮಡಚಿ, ಬಿಡಿಸಿ, ನಿಧಾನವಾಗಿ ತೋರಿಸಿದರು. ಅವರ ಯೂಟ್ಯೂಬ್ ಚಾನೆಲ್ ಕಾಲೂರಿ ನಿಂತದ್ದು ಆ ವಿಡಿಯೊದಿಂದ.

ಆದರೂ ಜಾಹೀರಾತಿನ ಹಣ ಬರಲು ಸಮಯ ಹಿಡಿಯಿತು. 1000 ಸಬ್‌ಸ್ಕ್ರೈಬರ್ ಆಗಬೇಕು, ಹಿಂದಿನ 12 ತಿಂಗಳಲ್ಲಿ ಜನ 4000 ಗಂಟೆ ನೋಡಿರಬೇಕು. ಶಾರ್ಟ್ಸ್, ಅಂದರೆ ಚಿಕ್ಕ ವಿಡಿಯೊ ಮಾತ್ರ ಹಾಕುವವರಿಗಾದರೆ 90 ದಿನದಲ್ಲಿ 1 ಕೋಟಿ ವೀಕ್ಷಣೆ. ಗಳಿಕೆ 10 ಡಾಲರ್ ಮುಟ್ಟಿದಾಗ ವಿಳಾಸ ಖಚಿತಪಡಿಸಲು ಗೂಗಲ್ ಒಂದು ಪಿನ್ ಸಂಖ್ಯೆ ಕಳಿಸುತ್ತದೆ, ಅದೂ ಅಂಚೆಯಲ್ಲಿ. ಮನೆ ವಿಳಾಸ ಸರಿಯಾಗಿ ಕೊಡದಿದ್ದರೆ ಅದು ಕೈಗೆ ಸಿಗುವುದಿಲ್ಲ. 100 ಡಾಲರ್ ಆಗುವವರೆಗೆ ಹಣ ಬ್ಯಾಂಕಿಗೆ ಬರುವುದಿಲ್ಲ. ಅಮೆರಿಕದ ತೆರಿಗೆ ಫಾರ್ಮ್ ತುಂಬದಿದ್ದರೆ ಒಟ್ಟು ಗಳಿಕೆಯಲ್ಲಿ ಶೇ. 24ರವರೆಗೆ ಹಿಡಿಯಬಹುದು. ತುಂಬಿದರೆ ಅಲ್ಲಿನ ವೀಕ್ಷಕರಿಂದ ಬಂದ ಪಾಲಿಗೆ ಮಾತ್ರ ಶೇ. 15. ಇದನ್ನೆಲ್ಲ ಅಣ್ಣ ಕೂತು ಮಾಡಿಕೊಟ್ಟ. ಈಗ ಯೂಟ್ಯೂಬಿನಿಂದ ಬರುವುದು ಕರೆಂಟ್ ಬಿಲ್ಲು, ರೀಚಾರ್ಜು, ಹೀಗೆ ಸಣ್ಣ ಖರ್ಚಿಗೆ ಸಾಕಾಗುತ್ತದೆ.

ಗಟ್ಟಿ ಆದಾಯ ಬಂದದ್ದು ಆಮೇಲೆ. ಅಳತೆವಾರು ಪೇಪರ್ ಪ್ಯಾಟರ್ನ್ ಮಾಡಿ ಪಿಡಿಎಫ್ ಮಾರಲು ಶುರು ಮಾಡಿದರು. ಮೊದಲ ಪುಟದಲ್ಲೇ ಒಂದು ಇಂಚಿನ ಚೌಕ ಉಂಟು. ಪ್ರಿಂಟ್ ತೆಗೆದ ಮೇಲೆ ಟೇಪು ಹಿಡಿದು ಅದು ಸರಿಯಾಗಿ ಒಂದು ಇಂಚು ಇದೆಯಾ ನೋಡಬೇಕು, ಇಲ್ಲದಿದ್ದರೆ ಬಟ್ಟೆ ಹಾಳು. ಶನಿವಾರ ಸಂಜೆ ಗೂಗಲ್ ಮೀಟ್‌ನಲ್ಲಿ ಕ್ಲಾಸ್. ಮುಂಬೈಯಲ್ಲಿರುವ ನಮ್ಮ ಊರಿನ ಹೆಂಗಸರೇ ಅದರಲ್ಲಿ ಜಾಸ್ತಿ. ಅವರಲ್ಲಿ ಕೆಲವರು ಊರಿಗೆ ಬರುವ ಮೊದಲೇ ಅಳತೆ ಕಳಿಸಿ ಬ್ಲೌಸ್ ಹೊಲಿಸಿಕೊಳ್ಳುತ್ತಾರೆ. ತಾವು ಬಳಸುವ ಕತ್ತರಿಯ ಲಿಂಕನ್ನೂ ಹಾಕುತ್ತಾರೆ, ಕಮಿಷನ್ ಸಿಗುತ್ತದೆ ಅಂತ ಅಲ್ಲೇ ಬರೆದಿರುತ್ತಾರೆ. ಎಣಿಸಿ ನೋಡು, ಆದಾಯ ಎಷ್ಟು ಕಡೆಯಿಂದ ಬರುತ್ತದೆ. ಕೆಲಸ ಮಾತ್ರ ಅದೇ ಹೊಲಿಗೆ. ಈ ವಿಷಯದಲ್ಲಿ ನನಗೆ ಅವರ ಮೇಲೆ ದೊಡ್ಡ ಗೌರವ ಉಂಟು.

ಇನ್ನೊಂದು ಮಾತು. ಆದಾಯ ಎಷ್ಟು ಅಂತ ಎಣಿಸುವಾಗ, ಅದನ್ನು ಯಾರು ನಿಲ್ಲಿಸಬಹುದು ಅಂತಲೂ ಎಣಿಸು. 2020ರ ಜೂನ್ 29ಕ್ಕೆ ಸರಕಾರ 59 ಆ್ಯಪ್‌ಗಳನ್ನು ನಿಷೇಧಿಸಿತಲ್ವಾ, ಅದರಲ್ಲಿ ಟಿಕ್‌ಟಾಕ್ ಇತ್ತು. ಅದರಲ್ಲೇ ಪ್ರಚಾರ, ಅದರಲ್ಲೇ ಹೆಸರು, ಅದರಲ್ಲೇ ಗಿರಾಕಿ ಅಂತ ಇದ್ದವರಿಗೆ ಒಂದೇ ರಾತ್ರಿಯಲ್ಲಿ ಎಲ್ಲ ಹೋಯಿತು. ನಿನ್ನ ಇನ್‌ಸ್ಟಾಗ್ರಾಮ್ ಪೇಜು, ಅದರಲ್ಲಿ ಹಾಕುವ ಅಫಿಲಿಯೇಟ್ ಲಿಂಕು, ಅದರಲ್ಲೇ ಮಾರುವ ಇ-ಪುಸ್ತಕ, ಇವು ನೋಡಲು ಮೂರು. ಅಕೌಂಟ್ ಬಂದ್ ಆದರೆ ಮೂರೂ ಹೋಗುತ್ತವೆ. ಅತ್ತಿಗೆಯ ಗಿರಾಕಿಗಳ ನಂಬರು ಒಂದು ನೋಟ್‌ಬುಕ್ಕಿನಲ್ಲಿ ಉಂಟು. ಚಾನೆಲ್ ನಾಳೆ ಹೋದರೂ ಅವರ ಶನಿವಾರದ ಕ್ಲಾಸ್ ನಡೆಯುತ್ತದೆ.

ಈಗ ನಿನ್ನ ವಿಷಯಕ್ಕೆ ಬರೋಣ. ಪ್ರತಿ ತಿಂಗಳು 20ನೇ ತಾರೀಕು ಹತ್ತಿರ ಬಂತೆಂದರೆ ಗುರುತಿನ ಅಂಗಡಿಯವರು ನಿನಗೆ ಫೋನ್ ಮಾಡುತ್ತಾರಲ್ಲ, ಜಿಎಸ್‌ಟಿಯ 3ಬಿ ರಿಟರ್ನ್ ಹೇಗೆ ಹಾಕುವುದು, ಇನ್‌ಪುಟ್ ಕ್ರೆಡಿಟ್ (ಮಾಲು ಕೊಳ್ಳುವಾಗ ಕಟ್ಟಿದ ತೆರಿಗೆಯ ಕಡಿತ) ಯಾಕೆ ಹೊಂದುತ್ತಿಲ್ಲ ಅಂತ. ನೀನು ಊಟ ಬಿಟ್ಟು ಹೇಳಿಕೊಡುತ್ತೀಯ. ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರಿನಲ್ಲಿ ನಿನ್ನ ಕೈ ಎಷ್ಟು ಸಲೀಸು ಅಂತ ನಾನು ನೋಡಿದ್ದೇನೆ. ನಿನ್ನ ಮರ ಅದು! ಕನ್ನಡದಲ್ಲಿ, ಬಸ್ಸಿನಲ್ಲಿ ಕೂತು ಮಾತಾಡಿದ ಹಾಗೆ, ಒಂದು ಸಣ್ಣ ದಿನಸಿ ಅಂಗಡಿಯ ಲೆಕ್ಕ ಇಟ್ಟು ವಿಡಿಯೊದಲ್ಲಿ ತೋರಿಸು. ಆಮೇಲೆ ಅಂಗಡಿಯವರಿಗೆ ಬೇಕಾದ ಎಕ್ಸೆಲ್ ಶೀಟು ಮಾರು, ಕಾಮರ್ಸ್ ಮಕ್ಕಳಿಗೆ ಸಂಜೆ ಟ್ಯಾಲಿ ಕ್ಲಾಸ್ ಮಾಡು. ಡ್ರಾಪ್‌ಶಿಪ್ಪಿಂಗ್ ಬಿಟ್ಟುಬಿಡು. ಕಣ್ಣಲ್ಲಿ ನೋಡದ ಮಾಲಿಗೆ ಗಿರಾಕಿಯ ಮುಂದೆ ಜವಾಬು ಕೊಡುವ ಕೆಲಸ ನಿನ್ನ ಸ್ವಭಾವಕ್ಕೆ ಆಗುವುದಿಲ್ಲ. ಆದರೆ ಮೊದಲು ನಿನ್ನ ಅಪಾಯಿಂಟ್‌ಮೆಂಟ್ ಲೆಟರ್ ತೆಗೆದು ಓದು. ಹೊರಗಿನ ಕೆಲಸ ಮಾಡಬಾರದು ಅಂತ ಇದ್ದರೆ ಬಾಸ್ ಹತ್ತಿರ ಬಾಯಿಬಿಟ್ಟು ಕೇಳು, ಒಪ್ಪಿಗೆಯನ್ನು ಬರಹದಲ್ಲಿ ತಗೋ. ಆಫೀಸಿನ ಗಿರಾಕಿಗಳ ಕೆಲಸ ಮಾತ್ರ ಮುಟ್ಟಲೇಬೇಡ.

ಕೋರ್ಸಿನ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿ. ಸಾಲ ಮಾಡಿ ಸೇರಬೇಡ. ಕಲಿಸುವವನಿಗೆ ಆ ಐದು ದಾರಿಯಿಂದ ಎಷ್ಟು ಬರುತ್ತದೆ, ಕೋರ್ಸ್ ಫೀಸಿನಿಂದ ಎಷ್ಟು ಬರುತ್ತದೆ ಅಂತ ಕೇಳು. ಉತ್ತರ ಕೊಡುತ್ತಾರಾ ನೋಡು.

ಪತ್ರದ ಕೊನೆಯಲ್ಲಿ ಟೆಲಿಗ್ರಾಮ್ ಗುಂಪಿನ ಬಗ್ಗೆ ಬರೆದಿದ್ದೀಯಲ್ಲ, ಅದನ್ನು ಓದಿ ನನಗೆ ನಿದ್ದೆ ಬರಲಿಲ್ಲ. ವಿಡಿಯೊ ಲೈಕ್ ಮಾಡಿದರೆ ದುಡ್ಡು ಅಂತ ಶುರುವಿಗೆ ಸ್ವಲ್ಪ ಕೊಡುತ್ತಾರೆ. ಆಮೇಲೆ ದೊಡ್ಡ ಟಾಸ್ಕ್‌ಗೆ ನಿನ್ನಿಂದಲೇ ಹಣ ಹಾಕಿಸುತ್ತಾರೆ. ಅದು ವಾಪಸ್ ಬರುವುದಿಲ್ಲ. ಬ್ಯಾಂಕ್ ಖಾತೆ ಬಳಸಲು ಕೊಟ್ಟರೆ ಕಮಿಷನ್ ಅನ್ನುವವರು ಇನ್ನೂ ಅಪಾಯ. ಬೇರೆಯವರಿಂದ ದೋಚಿದ ಹಣ ನಿನ್ನ ಖಾತೆಯಲ್ಲಿ ಹಾದುಹೋಗುತ್ತದೆ, ಪೊಲೀಸರು ಬರುವುದು ನಿನ್ನ ಮನೆಗೆ. ಇವತ್ತೇ ಗುಂಪು ಬಿಡು. ಈಗಾಗಲೇ ಹಣ ಹಾಕಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡು. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಅವಕಾಶ ಜಾಸ್ತಿ. ನನ್ನ ಹತ್ತಿರ ಸಂಕೋಚ ಬೇಡ.

ತೆರಿಗೆ ವಿಷಯ ನಿನಗೇ ಚೆನ್ನಾಗಿ ಗೊತ್ತು, ಆದರೂ ಹೇಳಿಬಿಡುತ್ತೇನೆ. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿಯ ತಲೆಬಿಸಿ ಇಲ್ಲ, ಆದರೆ ಬಂದ ಆದಾಯವನ್ನು ಆದಾಯ ತೆರಿಗೆ ರಿಟರ್ನ್‌ನಲ್ಲಿ ತೋರಿಸಲೇಬೇಕು. ಆನ್‌ಲೈನ್ ಹಣ ಒಂದು ತಿಂಗಳು ಬಂದ ಹಾಗೆ ಇನ್ನೊಂದು ತಿಂಗಳು ಬರುವುದಿಲ್ಲ. ಹಾಗಾಗಿ ಅದರಲ್ಲಿ ಒಂದು ಪಾಲು ಪಿಗ್ಮಿಗೆ, ಅಂದರೆ ದಿನದಿನ ಸ್ವಲ್ಪ ಸ್ವಲ್ಪ ಕಟ್ಟುವ ಉಳಿತಾಯಕ್ಕೆ ಹಾಕು. ಉಡುಪಿಯ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಶುರು ಮಾಡಿದ ಪಿಗ್ಮಿಯಲ್ಲಿ ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ಕೊಟ್ಟರೂ ತೆಗೆದುಕೊಳ್ಳುತ್ತಿದ್ದರು. ದಿನಗೂಲಿಯವರಿಗೆ, ಸಣ್ಣ ವ್ಯಾಪಾರದವರಿಗೆ ಅಂತಲೇ ಮಾಡಿದ್ದದು. ಈ ಹೊಸ ಕೆಲಸದ ಹಣಕ್ಕೂ ಅದು ಚೆನ್ನಾಗಿ ಹೊಂದುತ್ತದೆ. ನಿಮ್ಮ ಕಡೆಯ ಸೊಸೈಟಿಯಲ್ಲಿ ಕೇಳಿ ನೋಡು.

ಅತ್ತಿಗೆಯ ಹತ್ತಿರ ಕಾಲರ್ ಮೈಕ್ ಒಂದು ಜಾಸ್ತಿ ಉಂಟು, ನಿನಗೆ ಕೊಡು ಅಂದಿದ್ದಾರೆ. ಆದಿತ್ಯವಾರ ನಾನು ಮಂಗಳೂರಿಗೆ ಬರುತ್ತೇನೆ, ತರುತ್ತೇನೆ. ಲ್ಯಾಪ್‌ಟಾಪ್ ಚಾರ್ಜ್ ಮಾಡಿ ಇಡು, ಮಧ್ಯಾಹ್ನದೊಳಗೆ ದಿನಸಿ ಅಂಗಡಿಯ ಮೊದಲ ವಿಡಿಯೊ ಮಾಡೋಣ.

ನಿನ್ನ,
ಕಟಪಾಡಿಯ ಗೆಳೆಯ